ಹಳೆಯ ಮಸಲ್ ಕಾರಿಗೆ ರಸ್ತೆಯ ಟೈರ್: ಮುಂಬೈ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

1960 ಮತ್ತು 70ರ ದಶಕದ ಅಮೆರಿಕನ್ ಮಸಲ್ ಕಾರುಗಳನ್ನು, ಅಂದರೆ ಸಾಧಾರಣ ಗಾತ್ರದ ದೇಹಕ್ಕೆ ದೊಡ್ಡ ಎಂಜಿನ್ ಕೂರಿಸಿದ ಶಕ್ತಿಶಾಲಿ ಕಾರುಗಳನ್ನು, ಇಟ್ಟುಕೊಂಡವರು ನಮ್ಮ ಭಾಗದಲ್ಲಿ ಬಹಳ ಜನರಿಲ್ಲ. ಇರುವವರಲ್ಲಿ ಕನ್ನಡಿಗರು ಸಿಕ್ಕಾಗ ಮಾತು ಎಂಜಿನ್‌ನಿಂದ ಶುರುವಾದರೂ ಕೊನೆಗೆ ಟೈರಿಗೇ ಬಂದು ನಿಲ್ಲುತ್ತದೆ. ಮಾಟುಂಗದ ಸಮಾರಂಭಗಳಲ್ಲಿ, ಪುಣೆಯ ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗಳೆದುರು, ವಾಸ್ಕೋ ಕಡೆಯಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಉತ್ತರಗಳ ಹಿಂದಿರುವ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ಈ ಕರಾವಳಿ ಮತ್ತು ಘಟ್ಟದ ಸೀಮೆಯಲ್ಲಿ ಟೈರಿನ ಅಗಲಕ್ಕಿಂತ ಅದರ ವಯಸ್ಸು ಮತ್ತು ಒದ್ದೆ ನೆಲದ ಹಿಡಿತ ಮುಖ್ಯ.

## ಮೊದಲ ತಿಳಿವಳಿಕೆ

ಮಸಲ್ ಕಾರಿಗೆ ಅಂತಲೇ ಬೇರೆ ಟೈರ್ ಬೇಕಾ? ಸೈಜ್ ಸರಿಯಾಗಿದ್ದರೆ ಸಾಲದಾ?

ಸಾಲದು. 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ 454 ಕಾರಿನ ಎಲ್‌ಎಸ್6 ಎಂಜಿನ್ 7.4 ಲೀಟರಿನದು, ಕಂಪನಿ ಘೋಷಿಸಿದ್ದ ಶಕ್ತಿ 450 ಅಶ್ವಶಕ್ತಿ. ಅಷ್ಟನ್ನೂ ನೆಲಕ್ಕೆ ಮುಟ್ಟಿಸಬೇಕಾಗಿದ್ದ ಎಫ್70-14 ಟೈರಿನ ಅಗಲ ಇಂದಿನ ಲೆಕ್ಕದಲ್ಲಿ ಸುಮಾರು 215 ಮಿಲಿಮೀಟರ್. ಮಹೀಂದ್ರ ಬೊಲೆರೊ ಓಡುವುದೂ 215ರ ಟೈರಿನಲ್ಲೇ. ಭಾರವಾದ ವಿ8 (ಎಂಟು ಸಿಲಿಂಡರಿನ) ಎಂಜಿನ್ ಮುಂದಿರುವುದರಿಂದ ಕಾರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಆದರೆ ಎಳೆಯುವ ಕೆಲಸ ಹಿಂದಿನ ಹಗುರ ಚಕ್ರಗಳದ್ದು. ನಿಂತ ಕಾರನ್ನು ಹೊರಡಿಸುವಾಗ ಹಿಂದಿನ ಚಕ್ರ ನಿಂತಲ್ಲೇ ಸುತ್ತುವುದಕ್ಕೆ, ಒದ್ದೆ ತಿರುವಿನಲ್ಲಿ ಬಾಲ ಹೊರಕ್ಕೆ ಜಾರುವುದಕ್ಕೆ ಇದೇ ಕಾರಣ. ಈಗ ರಸ್ತೆಯಲ್ಲಿರುವ ಇಂಥ ಕಾರುಗಳ ಎಂಜಿನ್ ಬಹುತೇಕ ಒಮ್ಮೆಯಾದರೂ ಬಿಚ್ಚಿ ಜೋಡಿಸಿದ್ದು. ಹಾಗೆ ಜೋಡಿಸುವಾಗ ಶಕ್ತಿ ಹೆಚ್ಚಿದೆಯೇ ಹೊರತು ಇಳಿದದ್ದು ಅಪರೂಪ.

ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿಗಳನ್ನು ಓದುವುದು ಹೇಗೆ?

235/60 ಆರ್ 15 98 ಟಿ ಎಂದಿದ್ದರೆ, 235 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ, 60 ಎಂಬುದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 60 ಎಂಬುದರ ಸೂಚನೆ, ಆರ್ ಎಂದರೆ ರೇಡಿಯಲ್ (ಒಳಪದರಗಳು ಓರೆಯಾಗಿರದೆ ನೇರ ಅಡ್ಡಲಾಗಿರುವ ಇಂದಿನ ಬಗೆ), 15 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. 98 ಹೊರೆಯ ಸಂಕೇತ. ಒಂದು ಟೈರ್ 750 ಕಿಲೋ ಹೊರಬಲ್ಲದು ಎಂದರ್ಥ. ಕೊನೆಯ ಅಕ್ಷರ ವೇಗದ ಮಿತಿ: ಎಸ್ 180, ಟಿ 190, ಎಚ್ 210, ವಿ 240, ಡಬ್ಲ್ಯು 270 ಕಿ.ಮೀ. ಪುಣೆ ಎಕ್ಸ್‌ಪ್ರೆಸ್‌ವೇಯ ಸಮತಟ್ಟು ಭಾಗದಲ್ಲೂ ಕಾರಿನ ಮಿತಿ 100 ಇರುವಾಗ ಟಿ ಧಾರಾಳವಾಯಿತಲ್ಲ ಎಂದು ಅನ್ನಿಸುವುದು ಸಹಜ. ಆದರೆ ಮೇಲಿನ ಅಕ್ಷರದ ಟೈರುಗಳನ್ನು ಹೆಚ್ಚಿನ ಶಾಖ ತಡೆಯುವಂತೆ ಕಟ್ಟಿರುತ್ತಾರೆ, ಅವುಗಳ ರಬ್ಬರ್ ಸಾಮಾನ್ಯವಾಗಿ ಉತ್ತಮ ದರ್ಜೆಯದ್ದು, ಸ್ಟೀರಿಂಗ್‌ಗೆ ಅವು ಚುರುಕಾಗಿ ಓಗೊಡುತ್ತವೆ. ಸಿಗುವುದಾದರೆ ಎಚ್ ಅಥವಾ ಅದಕ್ಕಿಂತ ಮೇಲಿನದನ್ನೇ ಆರಿಸಿ.

ಕಾರಿನ ಹಳೇ ಪುಸ್ತಕದಲ್ಲಿ ಎಫ್70-14 ಅಂತಿದೆ. ಅಂಗಡಿಯವನಿಗೆ ಏನು ಹೇಳಲಿ?

ಆಗಿನ ಪದ್ಧತಿಯಲ್ಲಿ ಮೊದಲ ಅಕ್ಷರ ಟೈರ್ ಹೊರುವ ಭಾರವನ್ನು ಸೂಚಿಸುತ್ತಿತ್ತು, ಅಗಲವನ್ನಲ್ಲ. ಇ70-14ಕ್ಕೆ 205/70 ಆರ್ 14, ಎಫ್70-14ಕ್ಕೆ 215/70 ಆರ್ 14, ಜಿ70-14ಕ್ಕೆ 225/70 ಆರ್ 14, ಎಫ್60-15ಕ್ಕೆ 235/60 ಆರ್ 15 ಹತ್ತಿರದ ಅಳತೆಗಳು. ಅಂಗಡಿಗೆ ಹೋಗುವಾಗ ಅಳತೆಯ ಜೊತೆಗೆ ರಿಮ್ಮಿನ ಅಗಲವನ್ನೂ ಬರೆದುಕೊಂಡು ಹೋಗಿ. ಅದನ್ನು ಕೇಳದೆ ಟೈರ್ ಕೊಡಲು ಹೊರಟವರ ಬಳಿ ಕೊಳ್ಳಬೇಡಿ.

ಟೈರ್ ಹೊಸದರ ಹಾಗೇ ಇದೆ, ಗ್ರಿಪ್ ಒಂಚೂರೂ ಸವೆದಿಲ್ಲ. ಆದರೂ ಬದಲಿಸಬೇಕಾ?

ಇಷ್ಟು ಪ್ರಶ್ನೆಗಳಲ್ಲಿ ನಾನು ಅತ್ಯಂತ ಗಂಭೀರವಾಗಿ ಪರಿಗಣಿಸುವುದು ಇದನ್ನೇ, ಏಕೆಂದರೆ ಇಂಥ ಕಾರುಗಳ ಟೈರ್ ಸವೆದು ಹಾಳಾಗುವುದಿಲ್ಲ, ನಿಂತು ಹಾಳಾಗುತ್ತದೆ. ರಬ್ಬರಿನೊಳಗೆ ಬಿಸಿಲು ಮತ್ತು ಓಝೋನಿನಿಂದ ಕಾಪಾಡುವ ಮೇಣದಂಥ ಪದಾರ್ಥಗಳನ್ನು ಸೇರಿಸಿರುತ್ತಾರೆ. ಟೈರ್ ಉರುಳಿ ಮಡಚಿ ಬಿಚ್ಚಿದಾಗಲೆಲ್ಲ ಅವು ಮೇಲ್ಮೈಗೆ ಬರುತ್ತವೆ. ವಾರಗಟ್ಟಲೆ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಕದಲದೆ ನಿಂತ ಕಾರಿನಲ್ಲಿ ಈ ಕೆಲಸ ನಡೆಯುವುದಿಲ್ಲ. ರಬ್ಬರ್ ಗಟ್ಟಿಯಾಗುತ್ತದೆ, ಸೀಳುತ್ತದೆ.

ವಯಸ್ಸು ತಿಳಿಯಲು ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳನ್ನು ಹುಡುಕಿ. ಅದರ ಸಾಲಿನ ಕೊನೆಯ ನಾಲ್ಕು ಅಂಕಿಗಳು 3219 ಎಂದಿದ್ದರೆ ಅದು 2019ರ 32ನೇ ವಾರದಲ್ಲಿ ತಯಾರಾದದ್ದು. ಪೂರ್ಣ ಸಂಕೇತ ಹಲವು ಸಲ ಒಳಮುಖದಲ್ಲಿ ಇರುವುದರಿಂದ ಕಾರಿನಡಿ ಟಾರ್ಚ್ ಹಿಡಿದು ನೋಡಬೇಕಾಗುತ್ತದೆ. ಮೂರೇ ಅಂಕಿ ಇದ್ದರೆ ಆ ಟೈರ್ 2000ಕ್ಕಿಂತ ಹಿಂದಿನದು. ಅದರ ಮೇಲೆ ಗ್ಯಾರೇಜಿನ ಗೇಟನ್ನೂ ದಾಟಬೇಡಿ. ಐದು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಬಲ್ಲವರಿಂದ ತಪಾಸಣೆ ಮಾಡಿಸಬೇಕು, ಹತ್ತು ವರ್ಷವಾದ ಮೇಲೆ ಹೇಗೇ ಕಾಣಲಿ ತೆಗೆದುಹಾಕಬೇಕು ಎಂಬುದು ತಯಾರಕರು ಹೇಳುವ ಮಾತು. 400 ಅಶ್ವಶಕ್ತಿಯ ಕಾರಿಗೆ ನಾನು ಆರೇ ವರ್ಷಕ್ಕೆ ಬದಲಿಸಿ ಎನ್ನುತ್ತೇನೆ.

## ಟೈರ್ ಆರಿಸುವಾಗ

ಹಳೇ ಕಾರಿಗೆ ಹಳೇ ಥರದ ಬಯಾಸ್ ಟೈರೇ ಚೆಂದ ಅಲ್ಲವಾ?

ಪ್ರದರ್ಶನದಲ್ಲಿ ನಿಲ್ಲಿಸುವುದಕ್ಕೆ ಖಂಡಿತ ಚೆಂದ. ಆ ಕಾಲದ ಗುಡ್‌ಇಯರ್ ಪಾಲಿಗ್ಲಾಸ್, ಫೈರ್‌ಸ್ಟೋನ್ ವೈಡ್ ಓವಲ್ ಟೈರುಗಳ ಪಡಿಯಚ್ಚನ್ನು ಇಂದಿಗೂ ತಯಾರಿಸುತ್ತಾರೆ. ರಸ್ತೆಯ ಮಾತು ಬೇರೆ. ಬಯಾಸ್ ಟೈರಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟುತ್ತವೆ, ಹಾಗಾಗಿ ಪಕ್ಕದ ಗೋಡೆ ಬಾಗಿದಾಗ ನೆಲ ಮುಟ್ಟುವ ಭಾಗವೂ ಸೊಟ್ಟಗಾಗುತ್ತದೆ ಮತ್ತು ರಸ್ತೆಯ ಉಬ್ಬುಗೆರೆಗಳ ಹಿಂದೆ ಟೈರ್ ಓಡಿಹೋಗುತ್ತದೆ. ರೇಡಿಯಲ್‌ನಲ್ಲಿ ಈ ಎರಡು ಭಾಗಗಳು ಬಹುಮಟ್ಟಿಗೆ ಸ್ವತಂತ್ರವಾಗಿ ಕೆಲಸ ಮಾಡುತ್ತವೆ. ಅಮೆರಿಕದಲ್ಲೇ 1970ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3 ರೇಡಿಯಲ್ ಟೈರಿನೊಂದಿಗೆ ಬಂದ ಮೇಲೆ ಬಯಾಸ್‌ನ ಕಾಲ ಮುಗಿಯುತ್ತ ಬಂತು. ಓಡಿಸುವ ಕಾರಿಗೆ ರೇಡಿಯಲ್ ಹಾಕಿ, ನಾಲ್ಕಕ್ಕೂ ಹಾಕಿ. ಎರಡು ಬಯಾಸ್, ಎರಡು ರೇಡಿಯಲ್ ಎಂಬ ಬೆರಕೆ ಯಾವ ಕಾರಣಕ್ಕೂ ಬೇಡ.

ಹಿಂದಿನ ಟೈರ್ ಎಷ್ಟು ಅಗಲ ಹಾಕಬಹುದು?

ರಿಮ್ಮಿನ ಅಗಲ ಮತ್ತು ಮಡ್‌ಗಾರ್ಡ್ ಒಳಗಿನ ಜಾಗ, ಇವೆರಡೂ ಒಪ್ಪಿದಷ್ಟು. 235/60 ಆರ್ 15ಕ್ಕೆ 6.5ರಿಂದ 8.5 ಇಂಚು ಅಗಲದ ರಿಮ್ ಸರಿಹೊಂದುತ್ತದೆ. ಏಳು ಇಂಚಿನ ಮೂಲ ರಿಮ್ಮಿಗೆ 275ರ ಟೈರ್ ತುರುಕಿದರೆ ಅದರ ನಡುಭಾಗ ಉಬ್ಬಿ, ಅಂಚುಗಳು ನೆಲದಿಂದ ಮೇಲೇಳುತ್ತವೆ. ಕೊಟ್ಟ ಹಣಕ್ಕೆ ಸಿಗಬೇಕಾದ ಅಗಲ ನೆಲಕ್ಕೆ ತಾಗುವುದೇ ಇಲ್ಲ.

ಜಾಗ ಅಳೆಯುವಾಗ ಕಾರು ಜ್ಯಾಕಿನ ಮೇಲಿರದೆ ತನ್ನ ಪೂರ್ಣ ತೂಕದಲ್ಲಿ ನೆಲದ ಮೇಲೆ ನಿಂತಿರಬೇಕು. ಹಿಂದೆ ಒಳಗಡೆ ಲೀಫ್ ಸ್ಪ್ರಿಂಗ್ ಅಥವಾ ಚಾಸಿಗೂ ಟೈರಿಗೂ ನಡುವೆ, ಹೊರಗಡೆ ಮಡ್‌ಗಾರ್ಡಿನ ಮಡಚಿದ ಅಂಚಿಗೂ ಟೈರಿಗೂ ನಡುವೆ ಒಂದು ಹೆಬ್ಬೆರಳು ಸರಾಗವಾಗಿ ತೂರಬೇಕು. ಇಬ್ಬರನ್ನು ಡಿಕ್ಕಿಯ ಅಂಚಿನ ಮೇಲೆ ಕೂರಿಸಿ ಮತ್ತೊಮ್ಮೆ ನೋಡಿ. ಮುಂದಿನ ಚಕ್ರಗಳನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಪರೀಕ್ಷಿಸಿ. ನಮ್ಮ ಪೇವರ್ ಬ್ಲಾಕ್ ರಸ್ತೆಗಳು ಮತ್ತು ಹಂಪ್‌ಗಳ ಮೇಲೆ ಸಸ್ಪೆನ್ಷನ್ ಕೊನೆಯವರೆಗೂ ಕುಸಿಯುವುದು ದಿನನಿತ್ಯದ ಸಂಗತಿ; ಆಗ ಚೂಪಾದ ತಗಡಿನ ಅಂಚು ಟೈರಿನ ಭುಜವನ್ನು ಕೊಯ್ಯುತ್ತದೆ.

15 ಇಂಚಿನ ರಿಮ್ಮೇ ಇರಲಿ ಅಂತ ಆಸೆ. ಒಳ್ಳೇ ಟೈರ್ ಸಿಗುತ್ತಾ?

ಸಿಗುತ್ತದೆ, ಆದರೆ ಆಯ್ಕೆ ಕಡಿಮೆ. ಬಿಎಫ್‌ಗುಡ್ರಿಚ್ ರೇಡಿಯಲ್ ಟಿ/ಎ, ಕೂಪರ್ ಕೋಬ್ರಾ ರೇಡಿಯಲ್ ಜಿ/ಟಿ ಬಿಳಿ ಅಕ್ಷರಗಳಿಂದ ಹಳೆಯ ಕಾರಿಗೆ ಒಪ್ಪುತ್ತವೆ, ಬಹಳ ದಿನ ಬಾಳುತ್ತವೆ. ಅವುಗಳ ರಬ್ಬರ್ ಗಡಸು, ವೇಗದ ದರ್ಜೆ ಎಸ್ ಅಥವಾ ಟಿ. ಮೂಲ ಎಂಜಿನ್ ಇರುವ, ಭಾನುವಾರದ ಬೆಳಗಿನ ಸುತ್ತಾಟದ ಕಾರಿಗೆ ಇವು ಸಾಕು. ಶಕ್ತಿ 400 ದಾಟಿ, ಮಳೆಯಲ್ಲೂ ಹೊರಡುವುದಾದರೆ ನಾನು ಇವನ್ನು ಒಪ್ಪುವುದಿಲ್ಲ.

ಬೊಲೆರೊದ 215/75 ಆರ್ 15 ಸುಲಭವಾಗಿ ಸಿಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಅದರ ಎತ್ತರ ಸುಮಾರು 703 ಮಿಲಿಮೀಟರ್. 235/60 ಆರ್ 15ರದ್ದು 663. ರಿಮ್ಮಿಗೆ ಕೂತರೂ ಕಾರಿಗೆ ಅದು ಹೊಂದುವುದಿಲ್ಲ.

ವಿದೇಶದಿಂದ ತರಿಸುವವರು ಒಂದು ಸಂಗತಿ ತಿಳಿದಿರಬೇಕು: 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಕಾರ್ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಐಎಸ್‌ಐ ಗುರುತಿನ ನಿಯಮ ಅದಕ್ಕೂ ಮೊದಲಿನದು. ಬಿಲ್ಲಿಲ್ಲದೆ ಬಂದ ಟೈರಿನ ಹಿಂದೆ ವಾರಂಟಿ ಇರುವುದಿಲ್ಲ, ಅದು ಎಷ್ಟು ವರ್ಷ ಯಾವ ಗೋದಾಮಿನಲ್ಲಿ ಬಿದ್ದಿತ್ತೆಂಬುದೂ ಗೊತ್ತಾಗುವುದಿಲ್ಲ. ತಯಾರಿಕೆಯ ವಾರ ನೋಡದೆ ಮುಂಗಡ ಕೊಡಬೇಡಿ.

18 ಇಂಚಿಗೆ ಹೋದರೆ ಏನು ಲಾಭ? ಬಿಎಂಡಬ್ಲ್ಯು ರಿಮ್ಮೇ ಹಾಕಿಬಿಡಬಹುದಾ?

ಲಾಭ ದೊಡ್ಡದು. 245/45 ಆರ್ 18 ಮತ್ತು 275/40 ಆರ್ 18 ಇಂದಿನ ದೊಡ್ಡ ಸೆಡಾನ್‌ಗಳಲ್ಲಿ ಬಳಕೆಯಲ್ಲಿರುವ ಅಳತೆಗಳು, ಆದ್ದರಿಂದ ಹೊಸ ತಂತ್ರಜ್ಞಾನದ ಒಳ್ಳೆಯ ಟೈರುಗಳೆಲ್ಲ ಇವುಗಳಲ್ಲಿ ಬರುತ್ತವೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ ಸಾಲಿನಂಥವು ಒದ್ದೆ ನೆಲದಲ್ಲಿ ಹಿಡಿಯುವ ರೀತಿಗೂ ಹಳೆಯ ಬಿಳಿ ಅಕ್ಷರದ ಟೈರುಗಳಿಗೂ ಹೋಲಿಕೆಯೇ ಇಲ್ಲ. ಎರಡರ ಹೊರ ವ್ಯಾಸವೂ ಸುಮಾರು 677 ಮಿಲಿಮೀಟರ್ ಇರುವುದರಿಂದ ಮುಂದೆ 245, ಹಿಂದೆ 275 ಹಾಕಿದರೂ ಕಾರು ಸಮವಾಗಿ ನಿಲ್ಲುತ್ತದೆ. ದೊಡ್ಡ ರಿಮ್ಮಿನೊಳಗೆ ದೊಡ್ಡ ಡಿಸ್ಕ್ ಬ್ರೇಕ್‌ಗೂ ಜಾಗ ಸಿಗುತ್ತದೆ. ಗಿಡ್ಡ ಗೋಡೆಯ ಟೈರ್ ಹೊಂಡಕ್ಕೆ ಬಿದ್ದಾಗ ರಿಮ್ ಬಾಗುವುದು ಇದರ ನಷ್ಟ, ಮತ್ತು ನಮ್ಮಲ್ಲಿ ಅದು ಸಣ್ಣ ನಷ್ಟವಲ್ಲ. ಹೊಂಡದ ಹೆದರಿಕೆ ಹೆಚ್ಚಿದ್ದರೆ 17 ಇಂಚು ಒಳ್ಳೆಯ ನಡುದಾರಿ.

ಬಿಎಂಡಬ್ಲ್ಯು ರಿಮ್ ಮಾತ್ರ ಬೇಡವೇ ಬೇಡ. ಕಮಾರೊ, ಶೆವೆಲ್, ಜಿಟಿಒ ಮೊದಲಾದ ಜನರಲ್ ಮೋಟರ್ಸ್ ಕಾರುಗಳ ಐದು ಬೋಲ್ಟುಗಳ ವೃತ್ತ 4.75 ಇಂಚು, ಅಂದರೆ 120.65 ಮಿಲಿಮೀಟರ್. ಹಲವು ಬಿಎಂಡಬ್ಲ್ಯುಗಳದು 120. ಬಲವಾಗಿ ಬಿಗಿದರೆ ರಿಮ್ ಕೂತಂತೆ ಕಾಣುತ್ತದೆ. ಆದರೆ ಪ್ರತಿ ಬೋಲ್ಟೂ ಓರೆಯಾಗಿ ಎಳೆದುಕೊಂಡು, ನಟ್ ತನ್ನ ಜಾಗದಲ್ಲಿ ಪೂರ್ತಿ ಕೂರದೆ, ಓಡುತ್ತ ಓಡುತ್ತ ಸಡಿಲವಾಗುತ್ತದೆ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ರಿಮ್ ನೋಡಿ ಆಸೆಪಡುವವರು ಕ್ಯಾಲಿಪರ್ ಹಿಡಿದು ಅಳೆದೇ ಕೊಳ್ಳಬೇಕು. ಫೋರ್ಡ್ ಮಸ್ಟ್ಯಾಂಗ್‌ನ ವಿ8 ಮಾದರಿಗಳ ಹಾಗೂ ಡಾಜ್ ಚಾರ್ಜರ್‌ನ ವೃತ್ತ 114.3 ಮಿಲಿಮೀಟರ್. ಇನೋವಾದ್ದೂ ಅಷ್ಟೇ ಇದ್ದರೂ ರಿಮ್ಮಿನ ಒಳಚಾಚು (ಆಫ್‌ಸೆಟ್) ಮತ್ತು ನಡುರಂಧ್ರ ಬೇರೆಯಾಗಿರುವುದರಿಂದ ಅದನ್ನೂ ಅಳೆಯದೆ ಹಾಕುವಂತಿಲ್ಲ.

ಟ್ರೆಡ್‌ವೇರ್ 200, 400 ಅಂತೆಲ್ಲ ಇರುತ್ತಲ್ಲ, ಯಾವುದು ಒಳ್ಳೇದು?

ಇದು ಅಮೆರಿಕದ ದರ್ಜೆ ಪದ್ಧತಿ. ಸಂಖ್ಯೆ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು, ಸಾಮಾನ್ಯವಾಗಿ ಹಿಡಿತ ಕಡಿಮೆ. ಪರೀಕ್ಷೆಯನ್ನು ತಯಾರಕರೇ ನಡೆಸುವುದರಿಂದ ಎರಡು ಕಂಪನಿಗಳ ಸಂಖ್ಯೆಗಳನ್ನು ಕಣ್ಣುಮುಚ್ಚಿ ಹೋಲಿಸಬಾರದು. ವರ್ಷಕ್ಕೆ ಎರಡು ಮೂರು ಸಾವಿರ ಕಿ.ಮೀ. ಓಡುವ ಕಾರಿಗೆ 400ರ ಟೈರ್ ತೆಗೆದುಕೊಂಡರೆ ಅದು ಸವೆಯುವ ಮೊದಲೇ ಮುದಿಯಾಗುತ್ತದೆ. 300ರ ಆಸುಪಾಸಿನದು ನನ್ನ ಸಲಹೆ. ಅದರ ಪಕ್ಕದಲ್ಲೇ ಇರುವ ಟ್ರಾಕ್ಷನ್ ಅಕ್ಷರಕ್ಕೆ ಜನ ಗಮನ ಕೊಡುವುದಿಲ್ಲ. ಒದ್ದೆ ನೆಲದ ಮೇಲೆ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಅದು ತಿಳಿಸುತ್ತದೆ, ಎಎ ಅತ್ಯುತ್ತಮ.

## ಮಳೆ, ಘಟ್ಟ, ಎಕ್ಸ್‌ಪ್ರೆಸ್‌ವೇ

ಅಗಲ ಟೈರ್ ಹಾಕಿದರೆ ಮಳೆಯಲ್ಲಿ ಹಿಡಿತ ಜಾಸ್ತಿ ಅಲ್ಲವಾ?

ಒಣ ನೆಲದಲ್ಲಿ ಹೌದು. ನಿಂತ ನೀರಿನಲ್ಲಿ ಇದೇ ಅಗಲ ಶತ್ರು, ಏಕೆಂದರೆ ಅಗಲವಾದಷ್ಟೂ ಟೈರ್ ಪಕ್ಕಕ್ಕೆ ತಳ್ಳಬೇಕಾದ ನೀರು ಹೆಚ್ಚು. ತಳ್ಳಲಾಗದೆ ಹೋದಾಗ ಟೈರ್ ನೀರಿನ ಮೇಲೇರಿ ತೇಲುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುವುದು ಅದರ ಗುರುತು.

ನಾಸಾದ ಪ್ರಯೋಗಗಳಿಂದ ಬಂದ ಒಂದು ಸೂತ್ರವಿದೆ: ಪಿಎಸ್‌ಐನಲ್ಲಿರುವ ಗಾಳಿಯ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ತೇಲಾಟ ಶುರುವಾಗುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 36 ಪಿಎಸ್‌ಐ ಇದ್ದರೆ 54 ನಾಟ್, ಅಂದರೆ ಗಂಟೆಗೆ 100 ಕಿ.ಮೀ. 25ಕ್ಕೆ ಇಳಿದರೆ 45 ನಾಟ್, ಅಂದರೆ 83 ಕಿ.ಮೀ. ವಿಮಾನದ ಟೈರುಗಳಿಗಾಗಿ ಹುಟ್ಟಿದ ಸೂತ್ರವಾದ್ದರಿಂದ ಕಾರಿಗೆ ಇದು ಅಂದಾಜು ಮಾತ್ರ. ಅಗಲವಾದ, ನೀರು ಹೊರಹೋಗುವ ತೋಡುಗಳು ಸವೆದ ಟೈರ್ ಇದಕ್ಕೂ ಮೊದಲೇ ತೇಲಬಹುದು. ಗಾಳಿ ಕಡಿಮೆ ಇಟ್ಟರೆ ಹಿಡಿತ ಹೆಚ್ಚು ಎಂದು ನಂಬಿ ಮಳೆಗಾಲದಲ್ಲಿ ಗಾಳಿ ಇಳಿಸುವವರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಬೇಕು.

ಟ್ರೆಡ್ಡಿನ (ನೆಲ ಮುಟ್ಟುವ ರಬ್ಬರಿನ) ಆಳ 1.6 ಮಿಲಿಮೀಟರಿಗೆ ಇಳಿದಾಗ ತೋಡಿನ ತಳದಲ್ಲಿರುವ ಸವೆತದ ಗುರುತು ಟ್ರೆಡ್ಡಿಗೆ ಸಮವಾಗುತ್ತದೆ, ಅದು ಕಾನೂನಿನ ಅಂಚು. ಈ ಕಾರುಗಳ ಮಟ್ಟಿಗೆ ಮೇ ತಿಂಗಳಲ್ಲಿ ಅಳೆದು 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಮಳೆಗಾಲಕ್ಕೆ ಮೊದಲೇ ಬದಲಿಸಿ. ಮೃಗಶಿರಾ ಮಳೆಯ ಮೊದಲ ದಿನಗಳು ಎಲ್ಲಕ್ಕಿಂತ ಅಪಾಯಕಾರಿ: ತಿಂಗಳುಗಟ್ಟಲೆ ರಸ್ತೆಗೆ ಅಂಟಿದ ಎಣ್ಣೆ, ರಬ್ಬರ್ ಪುಡಿ ಮತ್ತು ಧೂಳು ನೀರಿನೊಡನೆ ಕಲಸಿ ಜಿಡ್ಡಾಗುತ್ತದೆ. ಚೋರ್ಲಾ ಘಾಟಿಯಲ್ಲಿ ಅದರ ಜೊತೆಗೆ ಕೆಂಪು ಕೆಸರೂ ಸೇರುತ್ತದೆ.

ಡ್ರ್ಯಾಗ್ ರೇಡಿಯಲ್ (ನೇರ ಓಟದ ಸ್ಪರ್ಧೆಗೆಂದು ಮಾಡಿದ ಮೆತ್ತನೆ ರಬ್ಬರಿನ ಟೈರ್) ಹಿಂದಕ್ಕೆ ಹಾಕಿಸಿದ್ದೇನೆ. ಮುಂದಿನವು ಹಳೆಯವೇ ಸಾಕಲ್ಲ?

ಸಾಲವು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಟೈರುಗಳದ್ದು, ತಿರುಗಿಸುವ ಕೆಲಸ ಪೂರ್ತಿ ಅವುಗಳದ್ದೇ. ಹಿಂದೆ ಮೆತ್ತನೆಯ ರಬ್ಬರ್, ಮುಂದೆ ಗಟ್ಟಿಯಾದ ಹಳೇ ರಬ್ಬರ್ ಇದ್ದರೆ ಕಾರು ಬೇಗ ಹೊರಡುತ್ತದೆ, ನಿಲ್ಲುವುದು ತಡವಾಗುತ್ತದೆ, ಬೋರ್ ಘಾಟಿನ ತಿರುವಿನಲ್ಲಿ ಮೂಗು ನೇರಕ್ಕೇ ಹೋಗುತ್ತದೆ. ದುಡ್ಡು ಒಂದೇ ಜೋಡಿಗೆ ಸಾಲುವುದಾದರೆ, ನಾಲ್ಕಕ್ಕೆ ಸಾಲುವವರೆಗೆ ಕಾಯಿರಿ.

ಇನ್ನು ಡ್ರ್ಯಾಗ್ ರೇಡಿಯಲ್ ಕಾನೂನಿನ ದೃಷ್ಟಿಯಲ್ಲಿ ರಸ್ತೆಯ ಟೈರ್ ಎನ್ನಿಸಿಕೊಂಡರೂ ಅದರಲ್ಲಿ ತೋಡುಗಳು ಕಡಿಮೆ, ಆಳವೂ ಕಡಿಮೆ, ಪಕ್ಕದ ಗೋಡೆ ಮೆತ್ತಗೆ. ಆಂಬಿ ವ್ಯಾಲಿಯಂಥ ರನ್‌ವೇಯಲ್ಲಿ ಸ್ಪರ್ಧೆಗೆ ಹೋಗುವವರು ಅದನ್ನು ಬೇರೆ ರಿಮ್ಮಿನ ಮೇಲೆ ಕಟ್ಟಿಸಿಟ್ಟುಕೊಳ್ಳುವುದು ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ರಸ್ತೆಗೆ ಬರಬಾರದು.

## ಪಳಗಿದವರ ಪ್ರಶ್ನೆಗಳು

ಗಾಳಿ ಎಷ್ಟಿಡಬೇಕು? ಕಾರಿನ ಪುಸ್ತಕದಲ್ಲಿ 24 ಅಂತಿದೆ.

ಅದು ಆಗಿನ ಬಯಾಸ್ ಟೈರಿಗೆ, ಮೆತ್ತನೆಯ ಸವಾರಿಗಾಗಿ ಬರೆದ ಅಂಕಿ. ಇಂದಿನ ರೇಡಿಯಲ್‌ಗೆ ತಣ್ಣಗಿರುವಾಗ 32 ಪಿಎಸ್‌ಐನಿಂದ ಶುರು ಮಾಡಿ, ಆಮೇಲೆ ಸೀಮೆಸುಣ್ಣದಿಂದ ಹದ ನೋಡಿ. ಪ್ರತಿ ಟೈರಿನ ಟ್ರೆಡ್ಡಿನ ಮೇಲೆ ಭುಜದಿಂದ ಭುಜಕ್ಕೆ ದಪ್ಪ ಗೆರೆ ಎಳೆದು, ಒಣ ರಸ್ತೆಯಲ್ಲಿ ನೇರವಾಗಿ ಕೆಲವು ನೂರು ಮೀಟರ್ ಓಡಿಸಿ ಇಳಿದು ನೋಡಿ. ನಡುವೆ ಅಳಿಸಿ ಅಂಚಿನಲ್ಲಿ ಸುಣ್ಣ ಉಳಿದಿದ್ದರೆ ಗಾಳಿ ಹೆಚ್ಚು. ಅಂಚು ಅಳಿಸಿ ನಡುವೆ ಉಳಿದಿದ್ದರೆ ಕಡಿಮೆ. ಒಂದೆರಡು ಪಿಎಸ್‌ಐ ಬದಲಿಸಿ ಮತ್ತೆ ಎಳೆಯಿರಿ. ಮುಂದೆ ಮತ್ತು ಹಿಂದೆ ಬೇರೆ ಬೇರೆ ಅಂಕಿ ಬಂದರೆ ಅದೇ ನಿಮ್ಮ ಕಾರಿನ ಸರಿಯಾದ ಅಂಕಿ. ಉಷ್ಣಾಂಶ ಐದಾರು ಡಿಗ್ರಿ ಏರಿದಾಗ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ, ಆದ್ದರಿಂದ ಪೆಟ್ರೋಲ್ ಬಂಕಿಗೆ ಓಡಿಸಿಕೊಂಡು ಹೋಗಿ ಬಿಸಿ ಟೈರಿನಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ. ಒಂದು ಒಳ್ಳೆಯ ಗೇಜ್ ಮನೆಯಲ್ಲೇ ಇರಲಿ.

ಹಿಂದೆ ಎತ್ತರದ ಟೈರ್ ಹಾಕಿದ ಮೇಲೆ ಪಿಕಪ್ ಬಿದ್ದಿದೆ, ಯಾಕೆ?

663 ಮಿಲಿಮೀಟರ್ ವ್ಯಾಸದ ಟೈರ್ ತೆಗೆದು 275/60 ಆರ್ 15 ಹಾಕಿದರೆ ವ್ಯಾಸ 711 ಆಗುತ್ತದೆ, ಶೇಕಡಾ 7ರಷ್ಟು ಹೆಚ್ಚು. ಡಿಫರೆನ್ಷಿಯಲ್ಲಿನ (ಹಿಂಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯ) ಅನುಪಾತವನ್ನು ಅಷ್ಟೇ ಇಳಿಸಿದಂತೆ ಆಯಿತು. ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ 107. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಹೋಗುವವರಿಗೆ ಎಂಜಿನ್ ನಿಧಾನವಾಗಿ ತಿರುಗುವ ಅನುಕೂಲವಿದೆ. ಊರೊಳಗೆ ಓಡಿಸುವವರಿಗೆ ನಷ್ಟವೇ.

ರೇಡಿಯಲ್ ಹಾಕಿದರೂ ಕಾರು ಹೆದ್ದಾರಿಯಲ್ಲಿ ಅಲೆದಾಡುತ್ತೆ. ಟೈರ್ ಕೆಟ್ಟದ್ದಾ?

ಬಹುಮಟ್ಟಿಗೆ ಅಲೈನ್‌ಮೆಂಟ್ ಹಳೆಯದು. ಬಯಾಸ್ ಟೈರಿಗೆಂದು ಬರೆದ ಅಳತೆಗಳಲ್ಲಿ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಮುಂಚಕ್ರ ತಿರುಗುವ ಅಕ್ಷದ ವಾಲು) ತೀರ ಕಡಿಮೆ ಇರುತ್ತಿತ್ತು. ರೇಡಿಯಲ್‌ಗೆ ಧನಾತ್ಮಕ ಕ್ಯಾಸ್ಟರ್ ಹೆಚ್ಚು ಬೇಕು, ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು) ಸ್ವಲ್ಪ ಋಣಾತ್ಮಕವಾಗಿರಬೇಕು. ಪುಸ್ತಕದ ಅಂಕಿಯನ್ನೇ ಹಿಡಿದು ಕೂರದ, ಶಿಮ್ (ತೆಳು ಲೋಹದ ಬಿಲ್ಲೆ) ಸೇರಿಸಿ ತೆಗೆಯಲು ಗೊತ್ತಿರುವ ಹಿರಿಯ ಮೆಕ್ಯಾನಿಕ್ ಬಳಿ ಹೋಗಿ. ಅದಕ್ಕೆ ಮೊದಲು ಬಾಲ್ ಜಾಯಿಂಟ್, ಬುಷ್, ಟೈರಾಡ್‌ಗಳ ಸಡಿಲ ನೋಡಿಸಿ. ಅವು ಅಲ್ಲಾಡುತ್ತಿದ್ದರೆ ಅಲೈನ್‌ಮೆಂಟಿಗೆ ಕೊಟ್ಟ ಹಣ ವ್ಯರ್ಥ.

ಗೋವಾದ ಮನೆಯಲ್ಲಿ ಕಾರು ತಿಂಗಳುಗಟ್ಟಲೆ ನಿಂತೇ ಇರುತ್ತೆ. ಟೈರ್ ಕಾಪಾಡುವುದು ಹೇಗೆ?

ಗಾಳಿಯನ್ನು ನಾಲ್ಕೈದು ಪಿಎಸ್‌ಐ ಹೆಚ್ಚಿಸಿ, ಎರಡು ವಾರಕ್ಕೊಮ್ಮೆ ಕಾರನ್ನು ಅರ್ಧ ಸುತ್ತಿನಷ್ಟಾದರೂ ಸರಿಸಿ, ಇಲ್ಲವಾದರೆ ತಳ ಚಪ್ಪಟೆಯಾಗಿ ಕೂರುತ್ತದೆ. ಎಣ್ಣೆ ಬೆರೆತ ಪಾಲಿಶ್ ಬಳಿಯಬೇಡಿ; ಸಾಬೂನು ನೀರು ಸಾಕು. ಉಪ್ಪುಗಾಳಿಯಿಂದ ಉಕ್ಕಿನ ರಿಮ್ಮಿಗೆ ಟೈರ್ ಕೂರುವ ಅಂಚಿನಲ್ಲಿ ತುಕ್ಕು ಹಿಡಿದು ಗಾಳಿ ಸೋರುತ್ತದೆ. ಪಂಕ್ಚರ್ ಸಿಗದೆ ಗಾಳಿ ಇಳಿಯುತ್ತಿದ್ದರೆ ಟೈರ್ ಬಿಚ್ಚಿಸಿ ಆ ಅಂಚನ್ನು ಉಜ್ಜಿಸಿ ಬಣ್ಣ ಹೊಡೆಸಬೇಕು.

ವಿಂಟೇಜ್ ನೋಂದಣಿ ಇರುವ ಕಾರಿಗೆ ಟೈರ್ ಬದಲಿಸಿದರೆ ತೊಂದರೆಯಾ?

2021ರ ಜುಲೈಯ ತಿದ್ದುಪಡಿಯಂತೆ 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ವಿಎ ಸರಣಿಯ ಸಂಖ್ಯೆ ದೊರೆಯುತ್ತದೆ. ಚಾಸಿ, ಬಾಡಿ ಮತ್ತು ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಇರಬಾರದು ಎಂಬುದು ಅದರ ಷರತ್ತು. ಸವೆದ ಟೈರಿಗೆ ಹೊಸದು ಹಾಕುವುದು ನಿರ್ವಹಣೆಯೇ. ಆದರೂ ಮೂಲ ರಿಮ್ಮುಗಳನ್ನು ಮಾರದೆ ಇಟ್ಟುಕೊಳ್ಳಿ. ಅಗಲ ಟೈರಿಗಾಗಿ ಮಡ್‌ಗಾರ್ಡ್ ಕತ್ತರಿಸುವ ಕೆಲಸಕ್ಕೆ ಕೈ ಹಾಕಬೇಡಿ. ಈ ನೋಂದಣಿಯ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದೂ ನೆನಪಿರಲಿ.

ಮುಂದೆ ಹಿಂದೆ ಬೇರೆ ಸೈಜ್ ಇದ್ದರೆ ಸ್ಟೆಪ್ನಿ ಯಾವುದು?

ಮುಂದಿನ ಅಳತೆಯದು. ಹಿಂದೆ ಪಂಕ್ಚರ್ ಆದರೂ ಅದು ಮಡ್‌ಗಾರ್ಡ್ ಒಳಗೆ ಕೂರುತ್ತದೆ, ಹಿಂದಿನದು ಮುಂದೆ ಕೂರದಿರಬಹುದು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಹಿಂಚಕ್ರ ಸುತ್ತಿಹೋಗದಂತೆ ಕ್ಲಚ್‌ಗಳಿಂದ ತಡೆಯುವಂಥದ್ದು) ಇರುವ ಕಾರಿನಲ್ಲಿ ಎರಡು ಹಿಂಚಕ್ರಗಳ ವ್ಯಾಸ ಬೇರೆಯಾದರೆ ಕ್ಲಚ್‌ಗಳು ಸತತವಾಗಿ ಉಜ್ಜುತ್ತವೆ, ಆದ್ದರಿಂದ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ ನಿಧಾನವಾಗಿ ಓಡಿಸಿ. ಸ್ಟೆಪ್ನಿಯ ತಯಾರಿಕೆಯ ವಾರವನ್ನೂ ನೋಡಿ. ಡಿಕ್ಕಿಯಲ್ಲಿ 20 ವರ್ಷದ ಟೈರ್ ಹೊತ್ತು ತಿರುಗುವವರು ಬಹಳ ಮಂದಿ.

ಹೊಸ ಟೈರ್ ಹಾಕಿಸಿದ ದಿನವೇ ಕಾರು ಜಾರಿತು. ಟೈರ್ ದೋಷವಾ?

ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸುವ ಜಾರುಕದ ಅಂಶ ಹೊಸ ಟೈರಿನ ಮೇಲ್ಮೈಯಲ್ಲಿ ಉಳಿದಿರುತ್ತದೆ. ಮೊದಲ 300 ಕಿ.ಮೀ. ಆಕ್ಸಿಲರೇಟರ್, ಬ್ರೇಕ್, ತಿರುವು ಮೂರರಲ್ಲೂ ಸೌಮ್ಯವಾಗಿರಿ, ಅದು ಸವೆದುಹೋಗುತ್ತದೆ. ಸಾಧ್ಯವಾದರೆ ಟೈರನ್ನು ಏಪ್ರಿಲ್‌ನಲ್ಲೇ ಹಾಕಿಸಿ, ಆಗ ಈ ದೂರ ಒಣ ರಸ್ತೆಯಲ್ಲಿ ಮುಗಿಯುತ್ತದೆ. ಮೊದಲ 100 ಕಿ.ಮೀ. ಆದ ಕೂಡಲೇ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ಬಿಗಿದು ನೋಡಬೇಕು, ಅಲ್ಯೂಮಿನಿಯಂ ರಿಮ್ ಆಗಿದ್ದರಂತೂ ತಪ್ಪದೆ.